ಅಪ್ಪ ಕೊಟ್ಟ ಮಾತು

ನಿಗಡಿ
೨ ನವೆಂಬರ್ ೨೦೨೫

ಪ್ರೀತಿಯ ಅಪ್ಪನಿಗೆ ತ್ರಿವೇಣಿಯ ಶರಣು.

ಫೋನ್ ಮಾಡದೆ ಕಾಗದ ಬರೆದಿದ್ದಾಳೆಂದು ಗಾಬರಿಯಾಗಬೇಡಿ. ಫೋನಿನಲ್ಲಿ ಹೇಳಿದರೆ ನಿಮಗೆ ಅರ್ಧ ಕೇಳಿಸುವುದಿಲ್ಲ. ಕೇಳಿಸಿದ ಅರ್ಧಕ್ಕೂ ಬಟ್ಟೆ ಅಂಗಡಿಯಲ್ಲಿ ಗಿರಾಕಿ ಕೂತಿದ್ದಾರೆಂದು ಬರೀ ಹೂಂ ಅನ್ನುತ್ತೀರಿ. ಇದು ಹೂಂ ಅಂದು ಮುಗಿಸುವ ಸುದ್ದಿಯಲ್ಲ. ಕಂಡಕ್ಟರ್ ದತ್ತುವಿನ ಬಸ್ಸು ವಲ್ಲಭನಗರ ಸ್ಟ್ಯಾಂಡಿನಿಂದ ಇಂದಾಪುರಕ್ಕೆ ದಿನಾ ಹೋಗುತ್ತದೆ, ಅವನ ಕೈಗೆ ಕೊಟ್ಟರೆ ಅಂಚೆಗಿಂತ ಬೇಗ.

ಮಹಾನಗರಪಾಲಿಕೆ ಚುನಾವಣೆಗೆ ನಿಮ್ಮ ಪಕ್ಷ ನನ್ನ ಹೆಸರು ಆರಿಸಿದೆ. ನಮ್ಮ ವಾರ್ಡಿನಲ್ಲಿ ನಾಲ್ಕು ಸ್ಥಾನ, ಅದರಲ್ಲಿ ಮಹಿಳೆಯರಿಗೆ ಮೀಸಲಾದದ್ದೊಂದು ನನಗೆ. ಶಾಲಾ ವ್ಯಾನ್ ಓಡಿಸುವ ಹೆಂಗಸನ್ನು ಯಮುನಾನಗರದ ಪ್ರತಿ ಮನೆಯೂ ಬಲ್ಲದು, ಹೋದ ಮಳೆಗಾಲದಲ್ಲಿ ಒಡೆದ ಚರಂಡಿಯ ಮುಂದೆ ವ್ಯಾನ್ ಅಡ್ಡ ನಿಲ್ಲಿಸಿ ಎಂಜಿನಿಯರನ್ನು ಕರೆಸಿದ್ದನ್ನೂ ಬಲ್ಲದು ಎಂದು ಮಿಥುನ ಹೇಳಿದ. ಪಕ್ಷದ ನಗರ ಕಚೇರಿಯಲ್ಲಿ ಅಭ್ಯರ್ಥಿಗಳನ್ನು ತಯಾರು ಮಾಡುವ ಕೆಲಸ ಅವನದು.

ಹೋದ ವಾರ ಕೋಥರೂಡದ ಮಂಗಲ ಕಾರ್ಯಾಲಯವೊಂದರಲ್ಲಿ ಶಿಬಿರವಿತ್ತು. ಮೇಲಿನ ಹಾಲಿನಲ್ಲಿ ಹೆಂಗಸರು. ಕೈ ಹೇಗೆ ಮುಗಿಯಬೇಕು, ಮೈಕು ಎಷ್ಟು ದೂರ ಹಿಡಿಯಬೇಕು, ಫೋಟೋದಲ್ಲಿ ಹಲ್ಲು ಎಷ್ಟು ಕಾಣಬೇಕು, ಇದು ನಮಗೆ. ಕೆಳಗಿನ ಹಾಲಿನಲ್ಲಿ ನಮ್ಮ ಗಂಡಂದಿರು. ಅವರಿಗೆ ಬೂತು ಕಟ್ಟುವುದು, ಮತದಾರರ ಪಟ್ಟಿ ಓದುವುದು, ಆಯೋಗಕ್ಕೆ ಖರ್ಚು ತೋರಿಸುವುದು. ಊಟವಾದ ಮೇಲೆ ನಾನು ಕೆಳಗೆ ಹೋಗಿ ಗಂಡಸರ ನಡುವೆ ಕೂತುಬಿಟ್ಟೆ. ಮಿಥುನ ಬಂದು ಮರಾಠಿಯಲ್ಲಿ "ತಾಈ, ನಿಮ್ಮ ತರಗತಿ ಮೇಲಿದೆ" ಎಂದ. "ಚುನಾವಣೆಗೆ ನಿಲ್ಲುವವಳು ನಾನಲ್ಲವಾ?" ಎಂದೆ. ನಕ್ಕ, ಎಬ್ಬಿಸಲಿಲ್ಲ.

ಇವರು ಶಿಬಿರಕ್ಕೆ ಬರಲಿಲ್ಲ. ಆಕುರ್ಡಿಯ ಆಫೀಸಿನಲ್ಲಿ ಕೆಲಸ ಭಾಳ. ಖುಷಿಯಾಗಿದ್ದಾರೆ. ಅತ್ತೆ ಕಾಶವ್ವನಿಗೆ ಮಾತ್ರ ಮರಾಠಿಯ ತಾಈ ಅಂದರೆ ಅಕ್ಕ ಎಂದು ಎಷ್ಟು ಹೇಳಿದರೂ ತಲೆಗೆ ಹೋಗುತ್ತಿಲ್ಲ. "ಇಷ್ಟ ಮಂದಿಗೆ ನೀ ಯಾವಾಗ ತಾಯಿ ಆದಿ?" ಎಂದು ಕೇಳುತ್ತಾರೆ.

ನಿಮ್ಮ ಮಾತಿಗೆ ಕಾಯುತ್ತೇನೆ.

ನಿಮ್ಮ
ತ್ರಿವೇಣಿ


ಇಂದಾಪುರ
೬ ನವೆಂಬರ್ ೨೦೨೫

ಚಿರಂಜೀವಿ ತ್ರಿವೇಣಿಗೆ ಅಪ್ಪನ ಆಶೀರ್ವಾದ.

ಕಾಗದ ಓದಿ ಅಂಗಡಿಯ ಶಟರ್ ಅರ್ಧ ಇಳಿಸಿ ಸ್ವಲ್ಪ ಹೊತ್ತು ಒಳಗೆ ಕೂತೆ. ನಾನು ಈ ಪಕ್ಷಕ್ಕೆ ಸೇರಿದಾಗ ನೀನು ತೊಟ್ಟಿಲಲ್ಲಿದ್ದೆ. ಗೋಡೆ ಬರೆದಿದ್ದೇನೆ, ಜೀಪಿನ ಮೇಲೆ ಕೂತು ಕೂಗಿದ್ದೇನೆ, ಎಷ್ಟೋ ಜನರನ್ನು ನಿಲ್ಲಿಸಿ ಗೆಲ್ಲಿಸಿದ್ದೇನೆ. ನಮ್ಮ ಮನೆಯ ಹೆಸರು ಮತಯಂತ್ರದ ಮೇಲೆ ಬರುತ್ತದೆಂದು ಎಣಿಸಿರಲಿಲ್ಲ. ಸಿದ್ರಾಮಪ್ಪನಿಗೆ ಹೇಳಿದೆ. ಅವನು ಈಗ ತಾಲೂಕಿನ ಪಕ್ಷ ನಡೆಸುವವನು, ಆದರೂ ತಾನೇ ಪೇಢೆ ತಂದು ನನ್ನ ಬಾಯಿಗೆ ಹಾಕಿ, "ನಿಜಲಿಂಗ, ನಿನ್ನ ದುಡಿಮಿ ಮಗಳಿಗೆ ಹತ್ತಿತು ನೋಡು" ಎಂದ.

ಕೆಲವು ಮಾತು ನೆನಪಿಟ್ಟುಕೋ. ಯಾರ ಮನೆಗೆ ಹೋದರೂ ಚಹ ಬೇಡ, ನೀರು ಕೇಳು. ಚಹ ಕುಡಿಯುತ್ತಾ ಕೂತರೆ ಮುಂದಿನ ಓಣಿ ತಪ್ಪುತ್ತದೆ, ನೀರೂ ಬೇಡವೆಂದರೆ ಆ ಮನೆ ತಪ್ಪುತ್ತದೆ. ನಿಮ್ಮದು ನಾಲ್ವರ ತಂಡ. ಮತದಾರ ನಾಲ್ಕು ಸಲ ಬಟನ್ ಒತ್ತಬೇಕು. ಎಲ್ಲಿ ಮಾತಾಡಿದರೂ ಉಳಿದ ಮೂವರ ಹೆಸರು ಮೊದಲು ಹೇಳು, ನಿನ್ನದು ಕೊನೆಗೆ. ತನ್ನೊಬ್ಬಳದೇ ಹೇಳಿಕೊಳ್ಳುವ ಅಭ್ಯರ್ಥಿಯನ್ನು ತಂಡವೇ ಸೋಲಿಸುತ್ತದೆ. ಹಳೇ ಮತದಾರರ ಪಟ್ಟಿ ನಂಬಬೇಡ, ನಿನ್ನ ವ್ಯಾನಿನ ಮಕ್ಕಳ ಮನೆಗಳಿಂದಲೇ ತಾಳೆ ನೋಡಲು ಶುರು ಮಾಡು.

ಮೇಲಿನ ಹಾಲಿನಲ್ಲಿ ಕೂರು ಎಂದರೆ ಅಲ್ಲೇ ಕೂರು. ಕೆಳಗೆ ಕಲಿಸುವುದನ್ನೆಲ್ಲ ನಾನು ಬರೆದು ಕಳಿಸುತ್ತೇನೆ. ಹೇಳಿದ್ದನ್ನು ಕೇಳುವವರನ್ನು ಪಕ್ಷ ಮರೆಯುವುದಿಲ್ಲ.

ಅಳಿಯ ಬಸವಪ್ರಭು ಒಂದು ದಿನದ ರಜೆ ಹಾಕಬಹುದಿತ್ತು. ಯಾಕೆ ಬರಲಿಲ್ಲ?

ನಿನ್ನ ಅಪ್ಪ
ನಿಜಲಿಂಗಪ್ಪ


ನಿಗಡಿ
೩ ಡಿಸೆಂಬರ್ ೨೦೨೫

ಪ್ರೀತಿಯ ಅಪ್ಪನಿಗೆ,

ತಡವಾಯಿತು, ಸಿಟ್ಟಾಗಬೇಡಿ. ನನ್ನ ಫೋನು ಈಗ ಪ್ರಚಾರ ತಂಡದ ಕೈಯಲ್ಲಿದೆ. ನನ್ನ ಹೆಸರಿನಲ್ಲಿ ಅವರೇ ಮಾತಾಡುತ್ತಾರೆ, ಅವರೇ ಶುಭಾಶಯ ಕಳಿಸುತ್ತಾರೆ. ನಿಮಗೂ ಒಂದು ಬಂದಿರಬೇಕು.

ಫೋಟೋ ತೆಗೆಸುವ ದಿನ ನಾಲ್ಕು ಸೀರೆ ಉಡಿಸಿ ಬಿಚ್ಚಿಸಿದರು. ನನ್ನ ಮರಾಠಿಯಲ್ಲಿ ಕನ್ನಡದ ಎಳೆತ ಇದೆಯಂತೆ, ಒಬ್ಬ ಮೇಡಂ ವಾರಗಟ್ಟಲೆ ತಿದ್ದಿದರು. "ವೇದಿಕೆಯ ಮೇಲೆ ಕನ್ನಡ ಒಂದು ಶಬ್ದವೂ ಬೇಡ. ಕನ್ನಡದವರ ಮನೆಯೊಳಗೆ ಮಾತ್ರ ಕನ್ನಡ" ಎಂದು ಮಿಥುನನ ಅಪ್ಪಣೆ. ಆ ಮನೆಗಳನ್ನೆಲ್ಲ ನನ್ನಿಂದಲೇ ಕೇಳಿ ನಕ್ಷೆಯಲ್ಲಿ ಗುರುತು ಹಾಕಿಕೊಂಡ. ವಿಜಯಪುರದ ಕಡೆಯವರು, ಕಲಬುರ್ಗಿಯ ಕಡೆಯವರು, ಐಟಿಯ ಬೆಂಗಳೂರು ಹುಡುಗರು ಬಾಡಿಗೆಗಿರುವ ಸೊಸೈಟಿಗಳು, ಯಾವುದನ್ನೂ ಬಿಡಲಿಲ್ಲ.

ಈ ವಾರ್ಡಿನ ಹಳೇ ಕಾರ್ಪೊರೇಟರ್, ಇಲ್ಲಿಯ ಮಾತಿನಲ್ಲಿ ನಗರಸೇವಕರು, ಎದುರು ಪಕ್ಷದಿಂದ ನಮ್ಮ ಪಕ್ಷಕ್ಕೆ ಬರುತ್ತಾರೆಂದು ಗಾಳಿಸುದ್ದಿ. ಬಂದರೆ ಸೊಸೆಗೆ ಟಿಕೆಟ್ ಕೇಳುತ್ತಾರಂತೆ. ಮಿಥುನನನ್ನು ಕೇಳಿದರೆ, "ತಾಈ, ನಿಮ್ಮದು ಪಕ್ಕಾ" ಎಂದು ನಗುತ್ತಾನೆ.

ನಾನು ವ್ಯಾನನ್ನು ಬೇರೆ ಚಾಲಕನಿಗೆ ಒಪ್ಪಿಸಿ ಪೂರ್ತಿ ಇದರಲ್ಲೇ ಇದ್ದೇನೆ. ಇವರು ಆರಾಮ ಇದ್ದಾರೆ.

ತ್ರಿವೇಣಿ


ಇಂದಾಪುರ
೧೨ ಡಿಸೆಂಬರ್ ೨೦೨೫

ಚಿರಂಜೀವಿ ತ್ರಿವೇಣಿಗೆ,

ವ್ಯಾನ್ ಬಿಡಬಾರದಿತ್ತು. ಸಾಧ್ಯವಾದರೆ ನಾಳೆಯಿಂದಲೇ ವಾಪಸು ತೆಗೆದುಕೋ.

ನಾಮಪತ್ರ ಹಾಕುವಾಗ ಎರಡು ಹಾಕು. ಒಂದು ಪಕ್ಷದ ಹೆಸರಿನಲ್ಲಿ, ಇನ್ನೊಂದು ಪಕ್ಷೇತರಳಾಗಿ. ಯಾರಿಗೂ ಹೇಳಬೇಡ. ಹಳೇ ಕಾರ್ಯಕರ್ತರು ಹೀಗೆ ಮಾಡುವುದುಂಟು, ಕಾರಣ ಕೇಳಬೇಡ.

ಎಲ್ಲದಕ್ಕೂ ಮನಸ್ಸು ಗಟ್ಟಿ ಇಟ್ಟುಕೊಂಡಿರು. ಚಳಿ ಹೆಚ್ಚಾಗಿದೆ, ಜೋಪಾನ.

ಅಪ್ಪ


ನಿಗಡಿ
೧೬ ಡಿಸೆಂಬರ್ ೨೦೨೫

ಅಪ್ಪ,

ನಿನ್ನೆ ಚುನಾವಣೆಯ ದಿನಾಂಕ ಘೋಷಣೆಯಾಯಿತು. ಜನವರಿ ಹದಿನೈದಕ್ಕೆ ಮತದಾನ. ನಮ್ಮ ಓಣಿಯಲ್ಲಿ ಪಟಾಕಿ ಹೊಡೆಯುತ್ತಿದ್ದಾಗ ದತ್ತು ನಿಮ್ಮ ಕಾಗದ ಕೊಟ್ಟ. ನಿಂತಲ್ಲೇ ಓದಿದೆ.

ಮದುವೆಯಾದಾಗ ವ್ಯಾನ್ ಕಲಿಯುತ್ತೇನೆಂದರೆ ಹೀಗೇ ಬರೆದಿದ್ದಿರಿ. ಮನಸ್ಸು ಗಟ್ಟಿ ಮಾಡಿಕೋ, ಆಗದಿದ್ದರೆ ಬಿಡು. ನಾನು ಸೋಲುವ ಮೊದಲೇ ನನ್ನನ್ನು ಸಮಾಧಾನ ಮಾಡುತ್ತೀರಿ. ಪಕ್ಷೇತರಳಾಗಿ ಇನ್ನೊಂದು ನಾಮಪತ್ರ ಅಂದರೆ ಏನರ್ಥ? ಈ ಪಕ್ಷ ನನಗೆ ಟಿಕೆಟ್ ಕೊಡುವುದಿಲ್ಲ ಅಂತಲೋ, ಕೊಡಬಾರದು ಅಂತಲೋ? ಇಷ್ಟು ವರ್ಷ ಪಕ್ಷ ನಿಮ್ಮನ್ನು ಒಮ್ಮೆಯೂ ಚುನಾವಣೆಗೆ ನಿಲ್ಲಿಸಲಿಲ್ಲ. ನಿಮಗೆ ಸಿಗದ್ದು ನನಗೆ ಸಿಗುತ್ತಿದೆ ಎಂದು ನಿಮಗೆ ಬೇಜಾರಿರಬಹುದು.

ಕೊನೆಯ ಸಾಲು ಹೊಡೆದುಹಾಕಬೇಕೆಂದುಕೊಂಡೆ. ಹೊಡೆದಿಲ್ಲ.

ತ್ರಿವೇಣಿ


ನಿಗಡಿ
೨೭ ಡಿಸೆಂಬರ್ ೨೦೨೫

ಅಪ್ಪ,

ಮೂರು ಸಲ ದತ್ತುವನ್ನು ಕೇಳಿದೆ. "ಕಾಕಾ ಏನೂ ಕೊಟ್ಟಿಲ್ರೀ ಅಕ್ಕಾ" ಎನ್ನುತ್ತಾನೆ. ಅಂಗಡಿಗೆ ಫೋನ್ ಮಾಡಿದರೆ ಆಳು ಎತ್ತಿ, ನೀವು ಸಿದ್ರಾಮಪ್ಪನವರ ಜೊತೆ ಹೊರಗೆ ಹೋಗಿದ್ದೀರಿ ಎನ್ನುತ್ತಾನೆ. ನಾನು ಬರೆದದ್ದು ಹೆಚ್ಚಾಯಿತು, ಗೊತ್ತು. ಆದರೆ ಈ ಹೊತ್ತಿನಲ್ಲಿ ಸುಮ್ಮನಿರಬೇಡಿ.

ನಾಮಪತ್ರ ಸಲ್ಲಿಸಿದೆ. ನಾನು ಪಕ್ಷದ ಅಧಿಕೃತ ಅಭ್ಯರ್ಥಿ ಎಂದು ಹೇಳುವ ಎ-ಬಿ ಫಾರ್ಮನ್ನು ಮಾತ್ರ ಇನ್ನೂ ಕೊಟ್ಟಿಲ್ಲ. ಕೊನೆಯ ದಿನ, ಮೂವತ್ತಕ್ಕೆ, ಚುನಾವಣಾಧಿಕಾರಿಯ ಕಚೇರಿಯಲ್ಲೇ ಕೊಡುತ್ತಾರಂತೆ. ನೀವು ಹೇಳಿದಂತೆ ಎರಡನೆಯ ನಾಮಪತ್ರವನ್ನೂ ಹಾಕಿದ್ದೇನೆ. ಹಾಕುವಾಗ ಹಿಂದೆ ಯಾರಿದ್ದಾರೆಂದು ಎರಡು ಸಲ ತಿರುಗಿ ನೋಡಿದೆ, ಕಳ್ಳತನ ಮಾಡುವವಳ ಹಾಗೆ.

ಒಂದು ಸಾಲಾದರೂ ಬರೆಯಿರಿ.

ತ್ರಿವೇಣಿ


ನಿಗಡಿ
೩೧ ಡಿಸೆಂಬರ್ ೨೦೨೫

ಅಪ್ಪ,

ನಿನ್ನೆ ಬೆಳಿಗ್ಗೆಯಿಂದ ಅಧಿಕಾರಿಯ ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದೆ. ತಂಡದ ಉಳಿದ ಮೂವರಿಗೂ ಫಾರ್ಮ್ ಬಂತು. ನನ್ನ ಮುಖ ನೋಡದೆ ಅವರು ಒಳಗೆ ಹೋದರು. ಬಾಗಿಲು ಮುಚ್ಚಲು ಸ್ವಲ್ಪ ಹೊತ್ತಿರುವಾಗ ಒಂದು ಬಿಳಿ ಕಾರು ಬಂತು. ಹಳೇ ನಗರಸೇವಕರು ಇಳಿದರು, ಹಿಂದೆ ಅವರ ಸೊಸೆ. ಶೀತಲ್ ಅಂತ, ನನಗಿಂತ ಎಷ್ಟೋ ಚಿಕ್ಕವಳು. ಫೈಲು ಮಾವನ ಕೈಯಲ್ಲಿತ್ತು. ಮಿಥುನ ಓಡಿ ಬಂದು ಕೋಟಿನ ಒಳಗಿನಿಂದ ಫಾರ್ಮ್ ತೆಗೆದು ಅವರಿಗೆ ಕೊಟ್ಟ. ನನ್ನನ್ನು ನೋಡಿ, "ತಾಈ, ಮೇಲಿನಿಂದ ಆದೇಶ" ಎಂದ. ಅಷ್ಟೇ.

ಅವರ ಹಿಂದೆಯೇ ನಾನೂ ಹೋದೆ. ಒಳಗೆ ನೂಕುನುಗ್ಗಲು. ಶೀತಲ್ ನನ್ನ ಪಕ್ಕಕ್ಕೇ ಬಂದು ನಿಂತಳು. ಕೈಯಲ್ಲಿ ಪೆನ್ನು, ಮುಖದಲ್ಲಿ ಬೆವರು. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. "ತಾಈ, ಸಹಿ ಎಲ್ಲಿ ಮಾಡಬೇಕು?" ಎಂದು ಕೇಳಿದಳು. ತೋರಿಸಿದೆ. ಪ್ರಮಾಣಪತ್ರದ ಒಂದು ಪುಟಕ್ಕೆ ಸಹಿ ಬಿಟ್ಟಿದ್ದಳು, ಅದನ್ನೂ ತೋರಿಸಿದೆ. ಯಾಕೆ ತೋರಿಸಿದೆನೋ. ತೋರಿಸದೆ ಇರಲು ಆಗಲಿಲ್ಲ.

ಇಂದು ಪರಿಶೀಲನೆಯಲ್ಲಿ ನನ್ನ ಪಕ್ಷೇತರ ನಾಮಪತ್ರ ಉಳಿದಿದೆ. ಎರಡನೇ ತಾರೀಖಿನೊಳಗೆ ಹಿಂತೆಗೆದುಕೊಳ್ಳಬೇಕೆಂದು ಮಿಥುನ ಮನೆಗೆ ಬಂದು ಕೂತಿದ್ದ. ಆಗ ಒಂದು ಮಾತು ಹೇಳಿದ: "ನಿಮ್ಮ ತಂದೆಯವರು ಮಾತು ಕೊಟ್ಟಿದ್ದಾರೆ, ನೀವು ಹಿಂದೆ ಸರಿಯುತ್ತೀರಿ ಅಂತ."

ಒಂದು ವಿಷಯ ನಿಮ್ಮಿಂದ ಮುಚ್ಚಿಟ್ಟಿದ್ದೆ. ಇವರಿಗೆ ಮೊದಲಿನಿಂದಲೂ ಇದು ಬೇಡವಾಗಿತ್ತು. ಎರಡು ತಿಂಗಳಿಂದ ಮನೆಯಲ್ಲಿ ನೆಟ್ಟಗೆ ಮಾತಿಲ್ಲ. ಮಿಥುನ ಹೋದ ಮೇಲೆ ನಾನು ಅಡುಗೆಮನೆಯಲ್ಲಿ ನಿಂತಿದ್ದೆ. ಇವರು ಬಂದು ಹೇಳಿದರು, "ನಾ ಬ್ಯಾಡ ಅಂದಿದ್ದೆ, ಖರೆ. ಆದ್ರ ಈಗ ಹಿಂದ ತಗೀಬ್ಯಾಡ. ಪಕ್ಷದವರು ಹೇಳಿದಾಗ ಹಾಕಾಕ, ಅವರು ಹೇಳಿದಾಗ ಮಡಚಾಕ ನೀ ಏನು ಕುರ್ಚಿ ಏನು?"

ಮಿಥುನ ಸುಳ್ಳು ಹೇಳಿದನೆಂದು ಬರೆಯಿರಿ, ಅಪ್ಪ. ಅದೊಂದೇ ಸಾಲು ಸಾಕು.

ತ್ರಿವೇಣಿ


ಇಂದಾಪುರ
೧ ಜನವರಿ ೨೦೨೬

ಚಿರಂಜೀವಿ ತ್ರಿವೇಣಿಗೆ,

ಅವನು ಸುಳ್ಳು ಹೇಳಿಲ್ಲ.

ಹಳೇ ನಗರಸೇವಕರು ಬರುವ ಸುದ್ದಿ ನನಗೆ ಡಿಸೆಂಬರ್ ಮೊದಲ ವಾರವೇ ಸಿದ್ರಾಮಪ್ಪನಿಂದ ಗೊತ್ತಾಗಿತ್ತು. ಪಕ್ಷದ ಒಳಗಿನ ಮಾತು ಹೊರಗೆ ಹೇಳಬಾರದೆಂದು ನಿನಗೆ ಹೇಳಲಿಲ್ಲ. ಹೇಳದೆ ಇರಲಾಗದೆ ಆ ಎರಡನೇ ನಾಮಪತ್ರದ ಮಾತು ಬರೆದೆ. ನೀನು ಬೇರೆ ಅರ್ಥ ಮಾಡಿಕೊಂಡೆ. ತಪ್ಪು ನಿನ್ನದಲ್ಲ.

ಇಪ್ಪತ್ತೊಂಬತ್ತಕ್ಕೆ ಸಿದ್ರಾಮಪ್ಪ ಜಿಲ್ಲೆಯ ಮುಖಂಡರನ್ನು ಕರೆದುಕೊಂಡು ಅಂಗಡಿಗೆ ಬಂದ. "ಮಗಳು ಬಂಡಾಯ ಮಾಡಬಾರದು, ನೀ ಹೇಳಿದರ ಕೇಳತಾಳ" ಎಂದ. ಇಷ್ಟು ವರ್ಷದಲ್ಲಿ ಅವರು ಕೇಳಿದ್ದಕ್ಕೆ ನಾನು ಇಲ್ಲ ಅಂದದ್ದಿಲ್ಲ. ಬಾಯಿ ತಾನಾಗಿ ಆಯ್ತು ಅಂದುಬಿಟ್ಟಿತು. ಅವರು ಚಹ ಕುಡಿದು ಎದ್ದುಹೋದ ಮೇಲೆ ಏನು ಅಂದೆನೆಂದು ತಿಳಿಯಿತು.

ಈಗ ಮಾತು ಕೊಟ್ಟಾಗಿದೆ. ನಾಳೆ ಹಿಂತೆಗೆದುಕೋ. ಮುಂದೆ ನಾಮನಿರ್ದೇಶಿತ ಸದಸ್ಯೆ ಮಾಡುತ್ತಾರಂತೆ, ನನ್ನೆದುರಿಗೇ ಹೇಳಿದ್ದಾರೆ. ನೀನು ಒಪ್ಪದಿದ್ದರೆ ಅಲ್ಲಿಯ ಕನ್ನಡದ ಮನೆಗಳಿಗೆ ಶೀತಲ್ ಜೊತೆ ನಾನು ಹೋಗಬೇಕೆಂದು ಆದೇಶವಾಗಿದೆ. ನನ್ನನ್ನು ಆ ಪರಿಸ್ಥಿತಿಗೆ ತರಬೇಡ.

ಅಪ್ಪ


ನಿಗಡಿ
೩ ಜನವರಿ ೨೦೨೬

ನಿಜಲಿಂಗಪ್ಪನವರಿಗೆ,

ನಾಮಪತ್ರ ಹಿಂತೆಗೆದುಕೊಂಡಿಲ್ಲ. ಇಂದು ಚಿಹ್ನೆ ಸಿಕ್ಕಿತು. ಬಸ್ಸು ಕೇಳಿದ್ದೆ, ಕುಕ್ಕರ್ ಕೊಟ್ಟರು.

ನನ್ನ ಮಾತನ್ನು ನೀವು ಕೊಡಲು ಬರುವುದಿಲ್ಲ. ಅದು ನಿಮ್ಮ ಅಂಗಡಿಯ ಕಪಾಟಿನಲ್ಲಿ ಇರಲಿಲ್ಲ.

ತ್ರಿವೇಣಿ


ನಿಗಡಿ
೯ ಜನವರಿ ೨೦೨೬
(ಆಕುರ್ಡಿ, ಸಿದ್ರಾಮಪ್ಪನವರ ಅಳಿಯನ ಮನೆಗೆ)

ಅಪ್ಪ,

ಇಂದಾಪುರದಲ್ಲಿದ್ದಾಗ ಕಾಗದ ಸಂಜೆಗೆ ಮುಟ್ಟುತ್ತಿತ್ತು. ಈಗ ನೀವು ರಿಕ್ಷಾದಲ್ಲಿ ಹೋಗುವಷ್ಟು ಹತ್ತಿರ ಇದ್ದೀರಿ, ಕಾಗದವನ್ನು ಯಾರ ಕೈಯಲ್ಲಿ ಕಳಿಸುವುದೆಂದು ತಿಳಿಯದೆ ಕೂತೆ. ಕೊನೆಗೆ ಇವರೇ ತರುತ್ತಿದ್ದಾರೆ.

ನಿನ್ನೆ ಯಮುನಾನಗರದ ತಿರುವಿನಲ್ಲಿ ನಾನು ಶಾಲೆಯ ಟ್ರಿಪ್ಪು ಮುಗಿದ ಮೇಲೆ ಚಾಲಕನಿಂದ ತೆಗೆದುಕೊಂಡು, ಕುಕ್ಕರ್ ಚಿತ್ರ ಅಂಟಿಸಿದ ವ್ಯಾನಿನಲ್ಲಿ ಬರುತ್ತಿದ್ದೆ. ಎದುರಿನಿಂದ ಡೋಲು ಬಾರಿಸುತ್ತಾ ನಿಮ್ಮ ಮೆರವಣಿಗೆ ಬಂತು. ಮುಂದೆ ನಾಲ್ವರು ಅಭ್ಯರ್ಥಿಗಳು, ಅವರ ಹಿಂದೆ ಕೊರಳಲ್ಲಿ ಪಕ್ಷದ ಶಾಲು ಹಾಕಿಕೊಂಡು ನೀವು. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. ನನ್ನನ್ನು ನೋಡಿದಿರಿ, ಶಾಲು ಸರಿಮಾಡಿಕೊಂಡಿರಿ. ನಾನು ಬ್ರೇಕ್ ಒತ್ತಿ ನಿಮಗೆ ದಾರಿ ಬಿಟ್ಟೆ.

ಅತ್ತೆ ಬಾಲ್ಕನಿಯಲ್ಲಿ ನಿಂತು ನಿಮ್ಮನ್ನು ನೋಡಿದರಂತೆ. "ಬೀಗರು ಒಳಗ ಬರಲಿಲ್ಲಲ್ಲ, ನೀರು ಕುಡ್ಯಾಕೂ ಬರಲಿಲ್ಲಲ್ಲ" ಎಂದು ಸೆರಗು ಬಾಯಿಗೆ ಹಿಡಿದುಕೊಂಡರು. ಅವರಿಗೆ ಏನು ಹೇಳಲಿ?

ರಾತ್ರಿಯ ಗುಳಿಗೆ ತಪ್ಪಿಸಬೇಡಿ. ಅಲ್ಲಿ ಯಾರೂ ನೆನಪು ಮಾಡುವುದಿಲ್ಲ.

ತ್ರಿವೇಣಿ


ಇಂದಾಪುರ
೧೨ ಜನವರಿ ೨೦೨೬

ಮಗಳೇ,

ನನ್ನನ್ನು ವಾಪಸು ಕಳಿಸಿದ್ದಾರೆ. ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಹೇಳುತ್ತೇನೆ.

ನಿನ್ನ ಕಾಗದ ಬಂದ ಮರುದಿನ ಒಂದು ಸೊಸೈಟಿಗೆ ಹೋದೆವು. ವಿಜಯಪುರದ ಕಡೆಯವರ ಮನೆ. ಆ ಹೆಣ್ಣುಮಗಳು ಎಲ್ಲರಿಗೂ ನೀರು ಕೊಟ್ಟಳು. ಶೀತಲ್ ಕೈಮುಗಿದು ನಗುತ್ತಾ ನಿಂತಿದ್ದಳು, ಕನ್ನಡ ಅವಳಿಗೆ ಬಾರದು. ಕಲಿಸಿದ್ದನ್ನೆಲ್ಲ ನಾನು ಒಪ್ಪಿಸಿದೆ. ಆಕೆ ಕೇಳಿಸಿಕೊಂಡು, "ತ್ರಿವೇಣಿ ಅಕ್ಕಾವ್ರ ತಂದೀನ ಹೌದಲ್ರೀ ನೀವು?" ಎಂದಳು.

"ಹೌದವಾ."

"ಮತ್ತ ಇವರ ಕೂಡ ಯಾಕ ಬಂದೀರಿ?"

"ನಾ ಪಕ್ಷದಾಂವ."

"ಅದಿರ್ಲಿ. ನಮ್ಮ ಹುಡುಗರನ್ನ ಆಕಿ ವ್ಯಾನಿನ್ಯಾಗ ಕಳಸ್ತೀವಿ. ಓಟೂ ಆಕಿಗೇ ಹಾಕಬೇಕಂತ ಮಾಡೀವಿ. ಹಾಕಬ್ಯಾಡ ಅಂತೀರೇನು? ನೀವು ಬ್ಯಾಡ ಅಂದ್ರ ಹಾಕೂದಿಲ್ಲ."

ಸಿದ್ರಾಮಪ್ಪ ನನ್ನ ಬೆನ್ನ ಹಿಂದೆ ಕೆಮ್ಮಿದ. ಬೇಡ ಎನ್ನಲು ಬಾಯಿ ತೆರೆದವನು ಕೈಯಲ್ಲಿದ್ದ ನೀರು ಕುಡಿದು ಲೋಟ ಕೆಳಗಿಟ್ಟೆ. "ಹಾಕ್ರಿ" ಅಂದೆ. ಏನೂ ತಿಳಿಯದ ಶೀತಲ್ ಇನ್ನೂ ಕೈಮುಗಿದೇ ಇದ್ದಳು. ಆ ಮಗುವಿನ ಮುಖ ನೋಡಿ ನನಗೆ ನಾಚಿಕೆಯಾಯಿತು, ಅವಳಿಗೂ ಮೋಸ ಮಾಡಿದೆನಲ್ಲ ಎಂದು.

ಮೆಟ್ಟಿಲಿಳಿಯುವಾಗ ಸಿದ್ರಾಮಪ್ಪ ತೋಳು ಹಿಡಿದ. "ಏನಂದಿ ನೀ ಒಳಗ?"

"ಕೇಳಿದ್ಲು, ಹೇಳಿದೆ."

ಸ್ಟ್ಯಾಂಡಿಗೆ ಅವನೇ ಬಿಟ್ಟ. ಜೊತೆಗೆ ಗೋಡೆ ಬರೆದವನು ಅವನು.

ನೀನು ಗೆಲ್ಲಲಿ ಎಂದು ಬರೆಯಲು ಇನ್ನೂ ಕೈ ಬರುತ್ತಿಲ್ಲ. ಪಕ್ಷ ಸೋಲಲಿ ಎಂದು ಬರೆದ ಹಾಗೆ ಆಗುತ್ತದೆ. ಮತದಾನದ ದಿನ ಬೆಳಿಗ್ಗೆಯೇ ಏನಾದರೂ ತಿಂದು ಹೊರಡು. ಬೂತಿನಲ್ಲಿ ನಿನ್ನ ಏಜೆಂಟರನ್ನು ಕೊನೆಯವರೆಗೂ ಎದ್ದುಹೋಗಲು ಬಿಡಬೇಡ.

ಅಪ್ಪ


ನಿಗಡಿ
೧೭ ಜನವರಿ ೨೦೨೬

ಅಪ್ಪ,

ಪೇಪರಿನಲ್ಲಿ ನೋಡಿರುತ್ತೀರಿ. ನಾನು ಸೋತೆ. ಮೂರನೆಯವಳಾದೆ. ಪಕ್ಷದ ಉಳಿದ ಮೂವರೂ ಗೆದ್ದರು, ಶೀತಲ್ ಎರಡನೆಯವಳಾಗಿ ಸೋತಳು. ಗೆದ್ದ ಎದುರು ಪಕ್ಷದವಳಿಗೂ ಅವಳಿಗೂ ಇದ್ದ ಅಂತರಕ್ಕಿಂತ ನನಗೆ ಬಿದ್ದ ಮತ ಹೆಚ್ಚು. ಮಿಥುನ ಎಣಿಕೆ ಕೇಂದ್ರದ ಗೇಟಿನಲ್ಲಿ ನನ್ನನ್ನು ತಡೆದು, "ಸಂತೋಷವಾಯಿತಾ?" ಎಂದು ಕೇಳಿದ.

ಸಂತೋಷವಾಗಲಿಲ್ಲ. ಆದರೆ ನಾಚಿಕೆಯೂ ಆಗಲಿಲ್ಲ. ಕನ್ನಡದ ಮನೆಗಳಿರುವ ಬೂತುಗಳಲ್ಲಷ್ಟೇ ಮತ ಬಂದಿದ್ದರೆ ಜಾತಿಯವರು, ಊರಿನವರು ಹಾಕಿದರು ಎನ್ನಬಹುದಿತ್ತು. ನಾನು ವ್ಯಾನ್ ಓಡಿಸುವ ಪ್ರತಿ ಓಣಿಯಲ್ಲೂ ಬಂದಿದೆ.

ಹೊರಗೆ ಗುಲಾಲು, ಡೋಲು. ವ್ಯಾನ್ ನಿಲ್ಲಿಸಿದ ಕಡೆ ಹೋದರೆ ಕಂಪೌಂಡ್ ಪಕ್ಕ ಶೀತಲ್ ಒಬ್ಬಳೇ ನಿಂತಿದ್ದಳು. ಮಾವ ಫಲಿತಾಂಶ ಕೇಳಿ ಸಿಟ್ಟಿನಲ್ಲಿ ಕಾರು ಹತ್ತಿ ಹೋಗಿಬಿಟ್ಟಿದ್ದರು. ಅವಳ ಪರ್ಸು, ಫೋನು ಆ ಕಾರಿನಲ್ಲೇ. ನನ್ನನ್ನು ನೋಡಿ ಮುಖ ತಿರುಗಿಸಿದಳು. "ಬಾ, ಬಿಟ್ಟು ಹೋಗುತ್ತೇನೆ" ಎಂದೆ. ಮಕ್ಕಳು ಕೂರುವ ಸಣ್ಣ ಸೀಟಿನಲ್ಲಿ ಮಂಡಿ ಮಡಚಿ ಕೂತಳು. ಸ್ವಲ್ಪ ದೂರ ಬಂದ ಮೇಲೆ ಹೇಳಿದಳು: "ತಾಈ, ನನಗೆ ನಿಲ್ಲುವ ಮನಸ್ಸೇ ಇರಲಿಲ್ಲ. ಫಾರ್ಮ್ ತುಂಬುವ ಹಿಂದಿನ ದಿನ ಹೇಳಿದರು. ಈಗ ಸೋತದ್ದಕ್ಕೆ ನಾನೇ ಕಾರಣವಂತೆ." ಅಳಲಿಲ್ಲ. ಮನೆಯ ಗೇಟಿನ ಮುಂದೆ ಇಳಿಯದೆ ಬಹಳ ಹೊತ್ತು ಕೂತಿದ್ದಳು. ನಾನೂ ಎಂಜಿನ್ ಆರಿಸಿದೆ.

ಸೋಮವಾರದಿಂದ ಶಾಲೆಯ ಟ್ರಿಪ್ಪಿಗೂ ಮತ್ತೆ ನನ್ನ ವ್ಯಾನು ನನ್ನ ಕೈಗೆ. ಮಿಥುನನ ಜನ ನಿಮ್ಮ ಮೇಲೆ ಏನೋ ಕ್ರಮ ತೆಗೆದುಕೊಳ್ಳುತ್ತಾರೆಂದು ಇವರಿಗೆ ಯಾರೋ ಹೇಳಿದರು. ಖರೆಯಾ? ನನ್ನ ದೆಸೆಯಿಂದ ನಿಮ್ಮ ಪಕ್ಷ ಹೋಯಿತೆಂದರೆ ನಾನು ಆ ಭಾರ ಹೇಗೆ ಹೊರಲಿ?

ತ್ರಿವೇಣಿ


ಇಂದಾಪುರ
೨೨ ಜನವರಿ ೨೦೨೬

ಮಗಳೇ ತ್ರಿವೇಣಿ,

ಖರೆ. ಆರು ವರ್ಷ ಪಕ್ಷದಿಂದ ಹೊರಗೆ. ನೋಟಿಸನ್ನು ಸಿದ್ರಾಮಪ್ಪನೇ ತಂದ, ಬೇರೆ ಯಾರ ಕೈಯಲ್ಲೂ ಕಳಿಸಲು ಅವನಿಗೆ ಮನಸ್ಸಾಗಿಲ್ಲ. "ತಪ್ಪಾತು ಅಂತ ಎರಡ ಸಾಲು ಬರದ ಕೊಡೋ ನಿಜಲಿಂಗ, ಮ್ಯಾಲಿನವರಿಗೆ ನಾ ಹೇಳಕೋತೀನಿ" ಎಂದು ಗೋಗರೆದ. ಕಾಗದ, ಪೆನ್ನು ಎರಡನ್ನೂ ತಾನೇ ಮುಂದೆ ಇಟ್ಟ. ನಾನು ಅವನ ಕೈ ಹಿಡಿದುಕೊಂಡು ಕೂತೆ. ಬರೆಯಲಿಲ್ಲ. ಹೋಗುವಾಗ ಕಣ್ಣೊರೆಸಿಕೊಂಡ.

ನೋವಾಗಿಲ್ಲ ಎಂದು ಬರೆದರೆ ಸುಳ್ಳು. ಬೆಳಿಗ್ಗೆ ಎದ್ದರೆ ಎಲ್ಲಿಗೆ ಹೋಗಬೇಕೆಂದು ಕಾಲಿಗೆ ತಿಳಿಯುತ್ತಿಲ್ಲ. ಆದರೆ ನಿನ್ನ ದೆಸೆಯಿಂದ ಹೋಯಿತೆಂದು ಎಣಿಸಬೇಡ. ಹಾಕ್ರಿ ಎಂದದ್ದು ನಾನು. ಈ ಸಲ ಬಾಯಿ ತಾನಾಗಿ ಆಡಿದ್ದಲ್ಲ.

ಭಾನುವಾರ ಬರುತ್ತೇನೆ, ನಿಮ್ಮ ಮನೆಗೆ. ಕಾಶವ್ವನವರಿಗೆ ಹೇಳಿಡು. ಇಷ್ಟು ವರ್ಷ ಸಾವಿರ ಬಾಗಿಲು ತಟ್ಟಿದ್ದೇನೆ. ಪ್ರತಿ ಸಲವೂ ತಟ್ಟುವ ಮೊದಲು, ಒಳಗೆ ಹೋಗಿ ಏನು ಹೇಳಬೇಕೆಂದು ಯಾರಾದರೂ ಹೇಳಿಕೊಟ್ಟು ಕಳಿಸುತ್ತಿದ್ದರು. ನಿನ್ನ ಬಾಗಿಲಲ್ಲಿ ನಿಂತು ಏನು ಹೇಳಬೇಕೋ ನನಗೆ ಗೊತ್ತಿಲ್ಲ. ನೀನೇ ಬಾಗಿಲು ತೆಗೆ.

ಅಪ್ಪ